ಅಮೆರಿಕಕ್ಕೆ ಹೂಂ, ಫ್ರಾನ್ಸಿಗೆ ಊಹೂಂ: ಎಡ್ಮಂಡ್ ಬರ್ಕ್ ಯಾಕೆ ಹಾಗಂದ?

1791ರ ಮೇ ತಿಂಗಳು. ಅಮೆರಿಕದ ಥಾಮಸ್ ಜೆಫರ್ಸನ್ ಪರಿಚಯದವರೊಬ್ಬರಿಗೆ ಪತ್ರ ಬರೆಯುತ್ತಾ ಒಂದು ಮಾತು ಸೇರಿಸಿದ. ಫ್ರಾನ್ಸಿನಲ್ಲಿ ಕ್ರಾಂತಿ ಆಗಿದ್ದು ನನಗೆ ಅಷ್ಟೊಂದು ಆಶ್ಚರ್ಯ ತರಲಿಲ್ಲ, ಬರ್ಕ್ ಅವರಲ್ಲಿ ಆದ ಕ್ರಾಂತಿ ಅದಕ್ಕಿಂತ ದೊಡ್ಡ ಆಶ್ಚರ್ಯ ಅಂತ.

ಜೆಫರ್ಸನ್‌ಗೆ ಹಾಗೆ ಅನಿಸಿದ್ದು ಸಹಜ. ಎಡ್ಮಂಡ್ ಬರ್ಕ್ ಅಂದರೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನಿಂತು ಅಮೆರಿಕನ್ನರ ಪರವಾಗಿ ವರ್ಷಗಟ್ಟಲೆ ವಾದಿಸಿದವನು. ರಾಜನಿಗೆ ಸಿಟ್ಟು ಬಂದರೂ ಬಿಡಲಿಲ್ಲ, ಮಂತ್ರಿಗಳು ಮುಖ ತಿರುಗಿಸಿದರೂ ಬಿಡಲಿಲ್ಲ. ಅಂಥವನು 1790ರ ನವೆಂಬರಿನಲ್ಲಿ ಫ್ರೆಂಚ್ ಕ್ರಾಂತಿಯನ್ನು ಕಟುವಾಗಿ ಟೀಕಿಸಿ ಒಂದು ದೊಡ್ಡ ಪುಸ್ತಕವನ್ನೇ ಹೊರತಂದ. ಅಲ್ಲಿನ ಜನ ಕೇಳಿದ್ದೂ ಸ್ವಾತಂತ್ರ್ಯ, ಇಲ್ಲಿನ ಜನ ಕೇಳಿದ್ದೂ ಸ್ವಾತಂತ್ರ್ಯ ಅಲ್ವಾ? ಹಾಗಾದರೆ ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಯಾಕೆ?

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ಬರ್ಕ್ ಸಿಗುವುದು 'ಸಂಪ್ರದಾಯವಾದದ ಜನಕ' ಎಂಬ ಒಂದು ಸಾಲಿನಲ್ಲಿ. ಸಂಪ್ರದಾಯವಾದಿ ಅಂದಮೇಲೆ ಕ್ರಾಂತಿಗೆ ವಿರೋಧ, ಅಲ್ಲಿಗೆ ಮುಗಿಯಿತು. ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. ಅವನ ಭಾಷಣಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ ಮೇಲೆ ಬೇರೆಯೇ ಚಿತ್ರ ಕಂಡಿತು. ಕ್ರಾಂತಿ ಒಳ್ಳೆಯದಾ ಕೆಟ್ಟದ್ದಾ ಅನ್ನುವ ಪ್ರಶ್ನೆಗೆ ಅವನು ಕೈಯನ್ನೇ ಹಾಕಲಿಲ್ಲ. ಪ್ರತಿ ಸಲ ಅವನು ಹುಡುಕಿದ್ದು ಒಂದೇ ವಿಷಯ: ಇಲ್ಲಿ ತಲೆತಲಾಂತರದಿಂದ ನಡೆದುಕೊಂಡು ಬಂದದ್ದನ್ನು ಮೊದಲು ಮುರಿದವರು ಯಾರು? ರಾಜನೋ, ಮಂತ್ರಿಯೋ, ಕಂಪನಿಯೋ, ಜನರೋ? ಮುರಿದವರು ಯಾರೇ ಆಗಿರಲಿ, ಬರ್ಕ್ ಅವರ ಎದುರು ನಿಂತ.

ಅವನು ಹುಟ್ಟಿದ್ದು 1729ರಲ್ಲಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅಪ್ಪ ಪ್ರಾಟೆಸ್ಟಂಟ್ ವಕೀಲ, ಅಮ್ಮ ಕ್ಯಾಥೊಲಿಕ್. ಆಗಿನ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ಓಟಿಲ್ಲ, ಸರ್ಕಾರಿ ಹುದ್ದೆ ಇಲ್ಲ, ಜಮೀನು ಕೊಳ್ಳುವುದಕ್ಕೂ ತಡೆ. ಅಂದರೆ ಒಂದೇ ಮನೆಯಲ್ಲಿ ಅಪ್ಪನಿಗೊಂದು ಕಾನೂನು, ಅಮ್ಮನ ಕಡೆಯವರಿಗೆ ಇನ್ನೊಂದು. ಅಧಿಕಾರ ಇದ್ದವರು ಕಾನೂನಿನ ಹೆಸರಿನಲ್ಲೇ ಒಂದು ಜನವನ್ನು ಹೇಗೆ ತುಳಿಯಬಹುದು ಅನ್ನುವುದನ್ನು ಅವನು ಅಡುಗೆಮನೆಯಲ್ಲೇ ಕಂಡಿದ್ದ. ಮುಂದೆ ಲಂಡನ್ನಿಗೆ ಬಂದ. 1765ರಲ್ಲಿ, ರಾಜನ ಅಧಿಕಾರಕ್ಕೆ ಪಾರ್ಲಿಮೆಂಟಿನ ಕಡಿವಾಣ ಇರಬೇಕು ಎನ್ನುತ್ತಿದ್ದ ವಿಗ್ ಪಕ್ಷದ ರಾಕಿಂಗ್‌ಹ್ಯಾಮ್ ಪ್ರಧಾನಿಯಾದಾಗ ಅವನ ಕಾರ್ಯದರ್ಶಿಯಾದ. ಅದೇ ವರ್ಷದ ಕೊನೆಗೆ ಪಾರ್ಲಿಮೆಂಟಿಗೆ ಆಯ್ಕೆಯೂ ಆದ.

ಅಮೆರಿಕ, ಫ್ರಾನ್ಸ್ ಎರಡಕ್ಕೂ ಮೊದಲು ಇನ್ನೊಂದು ಕ್ರಾಂತಿಯನ್ನು ನೋಡಬೇಕು. 1688ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಜೇಮ್ಸ್ ಪಾರ್ಲಿಮೆಂಟನ್ನು ಬದಿಗೊತ್ತಿ, ಕಾನೂನುಗಳನ್ನು ತನ್ನಿಷ್ಟಕ್ಕೆ ಅಮಾನತಿನಲ್ಲಿಡಲು ಹೊರಟ. ಪ್ರಮುಖರು ಸೇರಿ ಅವನ ಮಗಳು ಮೇರಿ ಮತ್ತು ಅಳಿಯ ವಿಲಿಯಂನನ್ನು ಕರೆತಂದು ಸಿಂಹಾಸನದ ಮೇಲೆ ಕೂರಿಸಿದರು. ವಿಗ್ ಪಕ್ಷದವರಿಗೆ ಇದು ದೊಡ್ಡ ಹೆಮ್ಮೆಯ ವಿಷಯ, ಬರ್ಕ್‌ಗೂ ಅಷ್ಟೇ. ಆದರೆ ಅವನ ಓದು ಬೇರೆ. ಅಲ್ಲಿ ನಡೆದದ್ದು ಕ್ರಾಂತಿಯನ್ನು ಮಾಡಿದ್ದಲ್ಲ, ತಡೆದದ್ದು ಎಂದು 1790ರಲ್ಲಿ ಪಾರ್ಲಿಮೆಂಟಿನಲ್ಲೇ ಹೇಳಿದ. ಕ್ರಾಂತಿಗೆ ಕೈ ಹಾಕಿದವನು ಜೇಮ್ಸ್. ಉಳಿದವರು ಕೆಟ್ಟದ್ದನ್ನು ಸರಿಪಡಿಸಿದರು. ತೊಲೆಗೆ ಗೆದ್ದಲು ಹಿಡಿದರೆ ತೊಲೆ ಬದಲಿಸುತ್ತೇವೆ. ಅಡಿಪಾಯ, ಗೋಡೆ, ಸೂರು ಎಲ್ಲ ಹಾಗೇ ಇರುತ್ತದೆ. 1688 ಅವನ ಕಣ್ಣಿಗೆ ಅಂಥದ್ದೊಂದು ರಿಪೇರಿ.

ಇದು ತಲೆಯಲ್ಲಿದ್ದರೆ ಅಮೆರಿಕದ ವಿಷಯ ಸುಲಭ.

ಫ್ರಾನ್ಸಿನ ಜೊತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ ಮೇಲೆ ಭಾರೀ ಸಾಲ ಕೂತಿತ್ತು. ಅಮೆರಿಕದ ವಸಾಹತುಗಳಿಂದಲೂ ದುಡ್ಡು ಎತ್ತೋಣ ಎಂದು ಮಂತ್ರಿಗಳು ಹೊರಟರು. 1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಕಾಗದಪತ್ರ, ಪತ್ರಿಕೆ ಎಲ್ಲದರ ಮೇಲೂ ತೆರಿಗೆ. ಗಲಾಟೆಯಾಗಿ ಮರುವರ್ಷ ರಾಕಿಂಗ್‌ಹ್ಯಾಮ್ ಸರ್ಕಾರ ಅದನ್ನು ವಾಪಸ್ ತೆಗೆಯಿತು. 1767ರಲ್ಲಿ ಬೇರೆ ಮಂತ್ರಿಗಳು ಗಾಜು, ಕಾಗದ, ಬಣ್ಣ, ಚಹಾದ ಮೇಲೆ ಮತ್ತೆ ಸುಂಕ ಹಾಕಿದರು. 1773ರ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನ ನೀರಿಗೆ ಚಹಾದ ಪೆಟ್ಟಿಗೆಗಳು ಬಿದ್ದವು.

ಆ ಹೊತ್ತಿಗೆ ಬರ್ಕ್ ಹೇಳಿದ್ದೇನು? ಇಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕನ್ನರ ಮೇಲೆ ತೆರಿಗೆ ಹಾಕುವ ಹಕ್ಕು ಪಾರ್ಲಿಮೆಂಟಿಗೆ ಇಲ್ಲ ಎಂದು ಅವನು ಹೇಳಲಿಲ್ಲ. ಪಾರ್ಲಿಮೆಂಟಿಗೆ ಪೂರ್ಣ ಅಧಿಕಾರ ಇದೆ ಎಂದು ಸಾರಿದ 1766ರ ಕಾಯ್ದೆಗೆ ಅವನ ಒಪ್ಪಿಗೆಯೂ ಇತ್ತು. ಹಕ್ಕಿನ ಲೆಕ್ಕವನ್ನು ಅವನು ಪಕ್ಕಕ್ಕಿಟ್ಟ. ನಿಮ್ಮ ಜನರನ್ನು ಗೋಳುಹೊಯ್ದುಕೊಳ್ಳುವ ಹಕ್ಕು ನಿಮಗಿದೆಯೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಲ್ಲ, ಅವರನ್ನು ಸುಖವಾಗಿಡುವುದರಲ್ಲಿ ನಿಮಗೇ ಲಾಭ ಇದೆಯೋ ಇಲ್ಲವೋ ಅದನ್ನು ಹೇಳಿ ಎಂದು 1775ರ ಮಾರ್ಚ್ 22ರ ಭಾಷಣದಲ್ಲಿ ಕೇಳಿದ.

ಅವನ ವಾದ ನಿಂತದ್ದು ನಡೆದು ಬಂದ ದಾರಿಯ ಮೇಲೆ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ವಸಾಹತುಗಳು ತಮ್ಮದೇ ಸಭೆ ನಡೆಸಿಕೊಂಡು, ತಮ್ಮ ತೆರಿಗೆಯನ್ನು ತಾವೇ ಹಾಕಿಕೊಂಡು ಬಂದಿದ್ದವು. ಲಂಡನ್ ತಲೆ ಹಾಕಿರಲಿಲ್ಲ. ಹಾಗೆ ಬಿಟ್ಟದ್ದರಿಂದ ಎರಡೂ ಕಡೆ ವ್ಯಾಪಾರ ಬೆಳೆದಿತ್ತು. ಆ ಜನರೂ ಇಂಗ್ಲಿಷರ ಮಕ್ಕಳೇ, ಅಪ್ಪ ಅಜ್ಜಂದಿರಿಂದ ಬಂದ ಸ್ವಾತಂತ್ರ್ಯವನ್ನೇ ಕಟ್ಟಿಕೊಂಡು ಹಡಗು ಹತ್ತಿದವರು. ಹೀಗಿರುವಾಗ ಹೊಸದನ್ನು ತಂದು ಹೇರಿದವರು ಯಾರು? ರಾಜನ ಮಂತ್ರಿಗಳು. ಅಮೆರಿಕನ್ನರು ಇದ್ದದ್ದನ್ನು ಉಳಿಸಿಕೊಳ್ಳಲು ನಿಂತವರು. ಇಡೀ ಒಂದು ಜನಾಂಗದ ಮೇಲೆ ಆರೋಪಪಟ್ಟಿ ಬರೆಯುವ ಬಗೆ ನನಗೆ ತಿಳಿಯದು ಎಂದು ಅವನು ಅಂದದ್ದು ಇದೇ ಭಾಷಣದಲ್ಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾಷಣ ಅದ್ಭುತವಾಗಿತ್ತು, ಮತ ಬೀಳಲಿಲ್ಲ. 270ಕ್ಕೆ 78ರಂತೆ ಸೋತ. ಒಂದು ತಿಂಗಳು ತುಂಬುವುದರೊಳಗೆ, ಏಪ್ರಿಲ್ 19ರಂದು, ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು, ಯುದ್ಧ ಶುರುವಾಯಿತು.

ಅಮೆರಿಕ ಬೇರೆಯಾಗಲಿ ಎಂಬುದು ಅವನ ಆಸೆಯಾಗಿರಲಿಲ್ಲ. ಬ್ರಿಟನ್ ಜೊತೆಗೇ ಅದು ಉಳಿಯಲಿ ಎಂದೇ ಇಷ್ಟೆಲ್ಲ ಒದ್ದಾಡಿದ. ಆಗದು ಎಂದು ಗೊತ್ತಾದ ಮೇಲೆ ಸ್ವಾತಂತ್ರ್ಯ ಕೊಟ್ಟುಬಿಡುವುದೇ ಮೇಲು ಎಂಬ ತೀರ್ಮಾನಕ್ಕೆ ಬಂದ. 1791ರಲ್ಲಿ ಹಿಂತಿರುಗಿ ನೋಡಿ ಒಂದು ಸಾಲಿನಲ್ಲಿ ವಿವರಿಸಿದ: 1688ರಲ್ಲಿ ಇಂಗ್ಲೆಂಡ್ ರಾಜ ಜೇಮ್ಸ್ ಎದುರು ಎಲ್ಲಿ ನಿಂತಿತ್ತೋ, ಅಮೆರಿಕ ಇಂಗ್ಲೆಂಡಿನ ಎದುರು ಅಲ್ಲೇ ನಿಂತಿತ್ತು. ಜೆಫರ್ಸನ್ ಪತ್ರಕ್ಕೆ ಬೇಕಾದ ಉತ್ತರ ಇಲ್ಲೇ ಇದೆ.

ಈಗ ಫ್ರಾನ್ಸ್.

ಇಸವಿಯನ್ನು ಗಮನಿಸಬೇಕು, ಯಾಕೆಂದರೆ ಇಲ್ಲಿ ಗೊಂದಲ ಜಾಸ್ತಿ. ಬರ್ಕ್ ಪುಸ್ತಕ ಎಂದರೆ ತಲೆ ಕಡಿಯುವ ಗಿಲೊಟಿನ್ ಯಂತ್ರ, ರಕ್ತಪಾತದ ವಿರುದ್ಧ ಬರೆದದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಪುಸ್ತಕ ಬಂದದ್ದು 1790ರ ನವೆಂಬರ್ 1ರಂದು. ಗಿಲೊಟಿನ್ ಮೊದಲು ಬಳಕೆಗೆ ಬಂದದ್ದು 1792ರಲ್ಲಿ. ರಾಜ 16ನೇ ಲೂಯಿಯ ತಲೆ ಉರುಳಿದ್ದು 1793ರ ಜನವರಿಯಲ್ಲಿ. ಬರ್ಕ್ ಬರೆಯುತ್ತಿದ್ದಾಗ ರಾಜ ಇನ್ನೂ ರಾಜನಾಗಿಯೇ ಇದ್ದ. 1789ರ ಜುಲೈನಲ್ಲಿ ಬಾಸ್ಟಿಲ್ ಸೆರೆಮನೆ ಜನರ ಕೈಗೆ ಬಿದ್ದುದರ ಮೊದಲ ವರ್ಷದ ಹಬ್ಬವನ್ನು ಪ್ಯಾರಿಸ್ ಸಂಭ್ರಮದಿಂದ ಆಚರಿಸಿತ್ತು. ಇಂಗ್ಲೆಂಡಿನಲ್ಲೂ ತುಂಬ ಜನ ಖುಷಿಪಟ್ಟಿದ್ದರು. ರಿಚರ್ಡ್ ಪ್ರೈಸ್ ಎಂಬ ಪಾದ್ರಿ 1789ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಉಪದೇಶ ಮಾಡಿ, 1688ರಲ್ಲಿ ನಾವು ಮಾಡಿದ್ದನ್ನೇ ಫ್ರೆಂಚರು ಈಗ ಇನ್ನೂ ಚೆನ್ನಾಗಿ ಮಾಡುತ್ತಿದ್ದಾರೆ, ನಮ್ಮ ರಾಜನನ್ನು ಆರಿಸುವ, ಇಳಿಸುವ ಹಕ್ಕು ನಮ್ಮದೇ ಎಂದು ಹೊಗಳಿದ. ಬರ್ಕ್‌ಗೆ ಸಹಿಸಲು ಆಗದಿದ್ದದ್ದು ಇದು. ತೊಲೆ ಬದಲಿಸಿದ್ದನ್ನೂ ಮನೆ ಕೆಡವಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರಲ್ಲ ಎಂದು ಅವನಿಗೆ ಕೆಂಡದಂಥ ಸಿಟ್ಟು.

ಫ್ರಾನ್ಸಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಏನು? 1789ರ ನವೆಂಬರಿನಲ್ಲಿ ಹೊಸ ರಾಷ್ಟ್ರೀಯ ಸಭೆ ಚರ್ಚಿನ ಆಸ್ತಿಯನ್ನೆಲ್ಲ ಸರ್ಕಾರಕ್ಕೆ ತೆಗೆದುಕೊಂಡಿತು. ಆ ಜಮೀನಿನ ಬೆನ್ನ ಮೇಲೆ ಅಸಿನ್ಯಾ ಎಂಬ ಕಾಗದದ ಹಣ ಅಚ್ಚಾಯಿತು. ಇವತ್ತು ಚರ್ಚಿನ ಆಸ್ತಿ ಹೋದರೆ ನಾಳೆ ಇನ್ನೊಬ್ಬರದ್ದು ಉಳಿಯುತ್ತದೆ ಎಂಬ ಖಾತ್ರಿ ಏನು ಎಂದು ಅವನು ಕೇಳಿದ. ಮುಂದೆ ಆ ಕಾಗದದ ಬೆಲೆ ನೆಲಕಚ್ಚಿತು. ಹಳೆಯ ಪ್ರಾಂತ್ಯಗಳನ್ನು ಅಳಿಸಿ ದೇಶವನ್ನು ಜಿಲ್ಲೆಗಳಂಥ 83 ಹೊಸ ವಿಭಾಗಗಳಾಗಿ ಕತ್ತರಿಸಿದರು. ನಕ್ಷೆಯ ಮೇಲೆ ಗೆರೆ ಎಳೆದಷ್ಟು ಸುಲಭವಾಗಿ ಮನಸ್ಸು ಬದಲಾಗುವುದಿಲ್ಲ ಎನ್ನುವುದು ಬರ್ಕ್ ಮಾತು. ಮನುಷ್ಯನ ಪ್ರೀತಿ ಮನೆಯಲ್ಲಿ ಶುರುವಾಗಿ, ಕೇರಿಗೆ ಹಬ್ಬಿ, ಊರಿಗೆ ಹಬ್ಬಿ, ಆಮೇಲೆ ದೇಶಕ್ಕೆ ಬರುತ್ತದೆ. ಚೌಕಾಕಾರದ ಒಂದು ತುಂಡನ್ನು ಯಾರೂ ಪ್ರೀತಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಅವರ ಯೋಚನೆಯ ರೀತಿ. ಮನುಷ್ಯನ ಹಕ್ಕು ಇಂಥದ್ದು ಎಂದು ಮೊದಲು ಸೂತ್ರ ಬರೆದುಕೊಂಡು, ಅದಕ್ಕೆ ಹೊಂದದ್ದನ್ನೆಲ್ಲ ಕೆಡವುವುದು. ಊಟದ ಹಕ್ಕು, ಔಷಧಿಯ ಹಕ್ಕು ಎಂದು ಚರ್ಚೆ ಮಾಡಿ ಏನು ಪ್ರಯೋಜನ, ಅದನ್ನು ದೊರಕಿಸುವುದು ಹೇಗೆ ಎಂಬುದಲ್ಲವೇ ಪ್ರಶ್ನೆ, ಅದಕ್ಕೆ ನಾನು ರೈತನನ್ನೂ ವೈದ್ಯನನ್ನೂ ಕರೆಯುತ್ತೇನೆ, ತತ್ವಶಾಸ್ತ್ರದ ಪಂಡಿತನನ್ನಲ್ಲ ಎಂದು ಬರೆದ. ಫ್ರಾನ್ಸಿನ ಹಳೆಯ ಕೋಟೆ ಶಿಥಿಲವಾಗಿತ್ತು, ನಿಜ. ಆದರೂ ಗೋಡೆಯ ಒಂದಷ್ಟು ಭಾಗ, ಅಡಿಪಾಯ ಇತ್ತು, ಅದರ ಮೇಲೆ ಕಟ್ಟಬಹುದಿತ್ತು ಎನ್ನುವುದು ಅವನ ಸಂಕಟ.

ಅವನ ಒಂದು ಊಹೆಯನ್ನು ಓದಿದಾಗ ಇವತ್ತಿಗೂ ಮೈ ಜುಂ ಅನ್ನುತ್ತದೆ. ಹಳೆಯ ಗೌರವಗಳೆಲ್ಲ ಹೋದ ಮೇಲೆ ಸೈನ್ಯ ಯಾರ ಮಾತನ್ನೂ ಕೇಳುವುದಿಲ್ಲ. ಸೈನಿಕರ ಮನಸ್ಸು ಗೆಲ್ಲಬಲ್ಲ ಒಬ್ಬ ಸೇನಾಪತಿ ಬರುವ ತನಕ ಹೀಗೇ ನಡೆಯುತ್ತದೆ, ಅವನು ಬಂದ ದಿನ ನಿಮ್ಮ ಇಡೀ ಗಣರಾಜ್ಯಕ್ಕೆ ಅವನೇ ಯಜಮಾನ ಎಂದು 1790ರಲ್ಲೇ ಬರೆದಿದ್ದ. ನೆಪೋಲಿಯನ್ ಅಧಿಕಾರ ಕಿತ್ತುಕೊಂಡದ್ದು 1799ರ ನವೆಂಬರಿನಲ್ಲಿ. ಅದನ್ನು ನೋಡಲು ಬರ್ಕ್ ಇರಲಿಲ್ಲ, 1797ರ ಜುಲೈನಲ್ಲೇ ತೀರಿಕೊಂಡಿದ್ದ.

ಇಷ್ಟು ಓದಿದರೆ ಬರ್ಕ್ ಕೊನೆಗೂ ರಾಜರ, ಶ್ರೀಮಂತರ ಕಡೆಯವನೇ ಅನಿಸಬಹುದು. ಅದಕ್ಕೇ ಅವನ ಇನ್ನೊಂದು ಭಾಷಣವನ್ನು ಇಲ್ಲಿ ತರಬೇಕು. ಅದು ನಮ್ಮ ಸೀಮೆಗೆ ಬಹಳ ಹತ್ತಿರದ್ದು.

1785ರ ಫೆಬ್ರವರಿ 28ರಂದು ಪಾರ್ಲಿಮೆಂಟಿನಲ್ಲಿ ಆರ್ಕಾಟಿನ ನವಾಬನ ಸಾಲದ ಬಗ್ಗೆ ಬರ್ಕ್ ಮಾತಾಡಿದ. ಮದರಾಸಿನ ಈಸ್ಟ್ ಇಂಡಿಯಾ ಕಂಪನಿ ನೌಕರರೇ ನವಾಬನಿಗೆ ಬಡ್ಡಿಗೆ ಸಾಲ ಕೊಟ್ಟು, ಆ ಸಾಲ ತೀರಿಸಲು ಊರೂರಿನ ಕಂದಾಯವನ್ನೇ ನುಂಗುತ್ತಿದ್ದರು. ಅದೇ ಕಂಪನಿ 1769ರಲ್ಲಿ ಹೈದರ್ ಅಲಿ ಜೊತೆ ಒಪ್ಪಂದ ಮಾಡಿಕೊಂಡು, ಮರಾಠರು ಮೈಸೂರಿನ ಮೇಲೆ ಬಿದ್ದಾಗ ನೆರವಿಗೆ ಹೋಗದೆ ಕೈಕೊಟ್ಟಿತ್ತು. 1780ರಲ್ಲಿ ಹೈದರ್ ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ ನುಗ್ಗಿದ. ಕರ್ನಾಟಿಕ್ ಅಂದರೆ ನಮ್ಮ ಇವತ್ತಿನ ಕರ್ನಾಟಕ ಅಲ್ಲ, ಘಟ್ಟದ ಕೆಳಗಿನ ಆರ್ಕಾಟ್, ಮದರಾಸ್ ಕಡೆಯ ನೆಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರ ನೋಡಿದ್ದೀರಲ್ಲ, ಅದು ಈ ದಂಡಯಾತ್ರೆಯದ್ದೇ.

ನಾವು ಆ ಚಿತ್ರದಲ್ಲಿ ಗೆಲುವನ್ನು ನೋಡುತ್ತೇವೆ. ಬರ್ಕ್ ಅದರ ಕೆಳಗಿನ ನೆಲವನ್ನು ನೋಡಿದ. ಬೆಟ್ಟದ ಓರೆಯಲ್ಲಿ ಕರಿಮೋಡದಂತೆ ನಿಂತಿದ್ದ ಹೈದರ್ ಒಮ್ಮೆಲೇ ಬಯಲ ಮೇಲೆ ಸುರಿದದ್ದನ್ನು, 18 ತಿಂಗಳು ಮದರಾಸಿನ ಬಾಗಿಲಿನಿಂದ ತಂಜಾವೂರಿನ ಬಾಗಿಲಿನವರೆಗೆ ನಡೆದ ನಾಶವನ್ನು, ನೂರಾರು ಮೈಲಿ ನಡೆದ ಬ್ರಿಟಿಷ್ ಸೈನ್ಯಕ್ಕೆ ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಮಗು, ಒಂದು ದನ ಕೂಡ ಕಾಣದಿದ್ದದ್ದನ್ನು ಹೇಳಿದ. ಹೈದರನ ಕ್ರೌರ್ಯವನ್ನು ಅವನು ಮುಚ್ಚಿಡಲಿಲ್ಲ. ಆದರೆ ತಪ್ಪಿನ ಬೇರನ್ನು ಮದರಾಸಿನಲ್ಲೇ ತೋರಿಸಿದ. ಯಾವ ಒಪ್ಪಂದಕ್ಕೂ, ಯಾವ ಸಹಿಗೂ ಬದ್ಧರಾಗದ ಜನ ಇವರು ಎಂದು ಹೈದರನಿಗೆ ಖಾತ್ರಿಯಾಗಿತ್ತು ಎಂದ.

ಆಮೇಲೆ ಅವನ ಮಾತು ಕೆರೆಗಳ ಕಡೆ ಹೊರಳುತ್ತದೆ. ಲಂಡನ್ನಿನಲ್ಲಿ ಕೂತವರಿಗೆ ಕೆರೆ ಅಂದರೆ ಏನು ಅಂತ ಬಿಡಿಸಿ ಹೇಳುತ್ತಾನೆ. ಕರ್ನಾಟಿಕ್ ಮತ್ತು ತಂಜಾವೂರಿನಲ್ಲಿ ದೊಡ್ಡವು, ಮಧ್ಯಮ ಗಾತ್ರದವು ಸೇರಿ ಹತ್ತು ಸಾವಿರಕ್ಕೆ ಕಡಿಮೆಯಿಲ್ಲ. ಇವು ನಿಜವಾದ ರಾಜರ ಸ್ಮಾರಕಗಳು, ಮುಂದೆ ಹುಟ್ಟುವವರನ್ನೂ ತಮ್ಮ ಮಕ್ಕಳೆಂದು ಅಪ್ಪಿಕೊಂಡು ಆಸ್ತಿ ಬರೆದಿಟ್ಟವರ ಸ್ಮಾರಕಗಳು ಎನ್ನುತ್ತಾನೆ. ಭಾರತಕ್ಕೆ ಒಂದು ದಿನವೂ ಬಾರದ ಮನುಷ್ಯನ ಬಾಯಲ್ಲಿ ಈ ಮಾತು. ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಬರ್ಕ್‌ನ ಇಡೀ ವಿಚಾರವನ್ನು ಅರ್ಥ ಮಾಡಿಕೊಳ್ಳಲು ನಮಗೆ ಕೆರೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸಮಾಜ ಎನ್ನುವುದು ಬದುಕಿರುವವರು, ಸತ್ತವರು, ಇನ್ನೂ ಹುಟ್ಟಬೇಕಾದವರು ಮೂವರ ಪಾಲುದಾರಿಕೆ ಎಂದು ಫ್ರಾನ್ಸಿನ ಪುಸ್ತಕದಲ್ಲಿ ಬರೆದ. ಕೆರೆಯೂ ಹಾಗೇ ಅಲ್ವಾ? ಕಟ್ಟಿಸಿದವನು ಸತ್ತು ನೂರಾರು ವರ್ಷ. ತೂಬಿನಿಂದ ನೀರು ಬಿಟ್ಟುಕೊಳ್ಳುವವರು ನಾವು. ನಾವು ಹೂಳೆತ್ತದಿದ್ದರೆ ಒಣಗುವುದು ಮೊಮ್ಮಕ್ಕಳ ಗದ್ದೆ. ಬದಲಾವಣೆಗೆ ದಾರಿ ಇಲ್ಲದ ರಾಜ್ಯಕ್ಕೆ ಉಳಿದುಕೊಳ್ಳುವ ದಾರಿಯೂ ಇಲ್ಲ ಎಂಬ ಮಾತೂ ಅದೇ ಪುಸ್ತಕದಲ್ಲಿದೆ. ಇದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಕೋಡಿ ಇಲ್ಲದ ಕೆರೆ ಮೊದಲ ದೊಡ್ಡ ಮಳೆಗೇ ಏರಿ ಒಡೆದುಕೊಳ್ಳುತ್ತದೆ. ಹೂಳೆತ್ತುವುದು, ತೂಬು ಸರಿಮಾಡುವುದು, ಕೋಡಿ ಬಿಡುವುದು ಎಲ್ಲಕ್ಕೂ ಬರ್ಕ್ ಸೈ. ಏರಿಗೆ ಗುದ್ದಲಿ ಹಾಕುವವನು ಮಾತ್ರ ಅವನ ಶತ್ರು. ಆ ಗುದ್ದಲಿ ಅಮೆರಿಕದಲ್ಲಿ ಮಂತ್ರಿಗಳ ಕೈಯಲ್ಲಿತ್ತು, ಭಾರತದಲ್ಲಿ ಕಂಪನಿಯ ಕೈಯಲ್ಲಿತ್ತು, ಫ್ರಾನ್ಸಿನಲ್ಲಿ ರಾಷ್ಟ್ರೀಯ ಸಭೆಯ ಕೈಯಲ್ಲಿತ್ತು.

ಭಾರತದ ವಿಷಯವನ್ನು ಅವನು ಅಲ್ಲಿಗೇ ಬಿಡಲಿಲ್ಲ. ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ಮಹಾಭಿಯೋಗ ಹೂಡಿಸಿದ. 1788ರ ಫೆಬ್ರವರಿಯಲ್ಲಿ ಶುರುವಾದ ವಿಚಾರಣೆ 1795ರ ಏಪ್ರಿಲ್‌ವರೆಗೆ ಎಳೆಯಿತು. ಏಷ್ಯಾದಲ್ಲಿ ನೀತಿಯೇ ಬೇರೆ ಎಂಬ ವಾದವನ್ನು ಅವನು ಒಪ್ಪಲಿಲ್ಲ. ಅಕ್ಷಾಂಶ ಬದಲಾದರೆ ಪಾಪಪುಣ್ಯ ಬದಲಾಗುವುದಿಲ್ಲ ಎಂದ. ಹೇಸ್ಟಿಂಗ್ಸ್ ಖುಲಾಸೆಯಾದ. ಫ್ರಾನ್ಸಿನ ವಿರುದ್ಧ ಬರ್ಕ್ ಬರೆದದ್ದು ಈ ಮೊಕದ್ದಮೆ ನಡೆಯುತ್ತಿದ್ದಾಗಲೇ ಎಂಬುದನ್ನು ಮರೆಯಬಾರದು. ಪೋಲೆಂಡಿನ ವಿಷಯವೂ ಅದೇ ಕಾಲದ್ದು. 1791ರ ಮೇ 3ರಂದು ಅಲ್ಲಿ ರಾಜನೂ ಸೇರಿ, ರಕ್ತ ಹರಿಸದೆ ಹೊಸ ಸಂವಿಧಾನ ತಂದರು. ಬರ್ಕ್ ಅದನ್ನು ಬಾಯ್ತುಂಬ ಹೊಗಳಿದ.

ಹಾಗಾದರೆ ಅವನ ಮಾತೆಲ್ಲ ಸರಿಯೇ? ನನಗೆ ಹಾಗನಿಸುವುದಿಲ್ಲ.

ಪುಸ್ತಕ ಬಂದು ತಿಂಗಳೊಳಗೆ ಇಂಗ್ಲಿಷ್ ಲೇಖಕಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಉತ್ತರ ಬರೆದಳು. ರಾಣಿ ಮೇರಿ ಆಂಟೊನೆಟ್‌ಗಾಗಿ ಅಷ್ಟು ಮರುಗುವ ಬರ್ಕ್‌ಗೆ ಬಡವರ ನೋವು ಯಾಕೆ ಕಾಣಲಿಲ್ಲ ಎಂದು ಕೇಳಿದಳು. 1791ರಲ್ಲಿ, ಅಮೆರಿಕದ ಸ್ವಾತಂತ್ರ್ಯದ ಪರವಾಗಿ ಬರೆದು ಹೆಸರಾಗಿದ್ದ ಥಾಮಸ್ ಪೇನ್, ಬರ್ಕ್ ಹಕ್ಕಿಯ ಗರಿಗಾಗಿ ಅಳುತ್ತಾನೆ, ಸಾಯುತ್ತಿರುವ ಹಕ್ಕಿಯನ್ನು ಮರೆಯುತ್ತಾನೆ ಎಂದ. ಈ ಏಟು ಸರಿಯಾದ ಜಾಗಕ್ಕೇ ಬಿದ್ದಿದೆ. ಬರ್ಕ್ ಪುಸ್ತಕದಲ್ಲಿ ರೊಟ್ಟಿಯ ಬೆಲೆ ಏರಿ ಹಸಿದ ಪ್ಯಾರಿಸ್ ನನಗೆ ಸಿಗಲಿಲ್ಲ. ಆದರೆ ಪೇನ್ ಕತೆಗೂ ಇನ್ನೊಂದು ಮಗ್ಗುಲಿದೆ. ಫ್ರಾನ್ಸಿಗೆ ಹೋಗಿ ಅಲ್ಲಿನ ಸಭೆಯ ಸದಸ್ಯನಾದ ಪೇನ್, ರಾಜನನ್ನು ಕೊಲ್ಲಬೇಡಿ ಎಂದು ಬೇಡಿಕೊಂಡ. 1793ರ ಕೊನೆಗೆ ಅದೇ ಕ್ರಾಂತಿ ಅವನನ್ನು ಜೈಲಿಗೆ ಹಾಕಿತು.

ಬರ್ಕ್‌ನ ಕೊನೆಯ ವರ್ಷಗಳೂ ಬೇಸರ ತರುತ್ತವೆ. 1791ರ ಮೇ 6ರಂದು ಪಾರ್ಲಿಮೆಂಟಿನಲ್ಲೇ ಹಳೆಯ ಗೆಳೆಯ ಚಾರ್ಲ್ಸ್ ಫಾಕ್ಸ್ ಜೊತೆ ಸ್ನೇಹ ಮುರಿದುಕೊಂಡ. ಫಾಕ್ಸ್ ಎಲ್ಲರೆದುರು ಅತ್ತುಬಿಟ್ಟ. 1792ರ ಡಿಸೆಂಬರಿನಲ್ಲಿ ಸಭೆಯ ನೆಲಕ್ಕೆ ಒಂದು ಕಠಾರಿ ಎಸೆದು, ಫ್ರಾನ್ಸಿನ ಜೊತೆ ಸ್ನೇಹ ಮಾಡಿದರೆ ನಿಮಗೆ ಸಿಗುವುದು ಇದೇ ಎಂದು ಕೂಗಿದ. ಕ್ರಾಂತಿಯ ಫ್ರಾನ್ಸ್ ಜೊತೆ ಸಂಧಾನವೇ ಬೇಡ, ಯುದ್ಧವೇ ಆಗಲಿ ಎಂದು ಸಾಯುವತನಕ ಬರೆದ. ಇಡೀ ಜನಾಂಗದ ಮೇಲೆ ಆರೋಪಪಟ್ಟಿ ಬರೆಯಲು ಬಾರದು ಎಂದಿದ್ದವನು ಕೊನೆಗೆ ಹೆಚ್ಚುಕಡಿಮೆ ಅದನ್ನೇ ಬರೆಯುತ್ತಿದ್ದ.

ನನ್ನ ದೊಡ್ಡ ತಕರಾರು ಕೆರೆಯ ಬಗ್ಗೆಯೇ. ಹಿರಿಯರು ಬಿಟ್ಟುಹೋದ ಕೆರೆ ಎಲ್ಲರದ್ದೂ ಎಂದು ಬರ್ಕ್ ನಂಬಿದ. ಆ ನೀರನ್ನು ಮುಟ್ಟಲು ಬಿಡದೆ ಕೆಲವರನ್ನು ದೂರ ನಿಲ್ಲಿಸಿದ್ದೂ ತಲೆತಲಾಂತರದಿಂದ ನಡೆದುಕೊಂಡು ಬಂದದ್ದೇ. ಅಲ್ಲಿ 'ಮೊದಲು ಮುರಿದವರು ಯಾರು' ಎಂಬ ಪ್ರಶ್ನೆ ಕೆಲಸಕ್ಕೆ ಬರುವುದಿಲ್ಲ. ಮುರಿಯುವ ಮೊದಲೂ ಅವರ ಪಾಲಿಗೆ ಏನೂ ಇರಲಿಲ್ಲ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಚವ್ದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ರೂಢಿ ಬಿಡಲಿಲ್ಲ. 1927ರ ಮಾರ್ಚ್ 20ರಂದು ಬಿ.ಆರ್. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಅಲ್ಲಿಗೆ ನಡೆದು ಹೋದರು. ಏರಿ ಒಡೆಯಲಿಲ್ಲ. ಬೊಗಸೆಯಲ್ಲಿ ನೀರು ಎತ್ತಿ ಕುಡಿದರು. ಆಮೇಲೆ ಸಂಪ್ರದಾಯಸ್ಥರು ಆ ಕೆರೆಯನ್ನು ಸಗಣಿ, ಗಂಜಲ ಹಾಕಿ 'ಶುದ್ಧ' ಮಾಡಿದರು.

ಒಂಬತ್ತು ವರ್ಷದ ಮೇಲೆ, 1936ರಲ್ಲಿ, ಅಂಬೇಡ್ಕರ್ ಜಾತಿ ವಿನಾಶದ ಬಗ್ಗೆ ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣ ರದ್ದಾಗಿ, ಅದನ್ನು ತಾವೇ ಅಚ್ಚು ಹಾಕಿಸಿದರು. ಶಾಸ್ತ್ರಗಳ ಅಧಿಕಾರವನ್ನೇ ಕಿತ್ತುಹಾಕಬೇಕು ಎಂದ ಬರಹ ಅದು. ಅದರೊಳಗೆ ಒಂದು ಕಡೆ ಅವರು ನಿಂತು, ನಿಜವಾದ ಧರ್ಮ ಸಮಾಜದ ಅಡಿಪಾಯ ಎನ್ನುವ ಬರ್ಕ್ ಮಾತನ್ನು ಎತ್ತಿಕೊಳ್ಳುತ್ತಾರೆ. ಇದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಬರೆಯುತ್ತಾರೆ.